ಕುಚ್ಚಿಲ್ಲದ ಸೀರೆ

ರಾಮನಗರದ ಐಜೂರಿನಲ್ಲಿ ಚನ್ನಬಸಮ್ಮನ ಮನೆ ಯಾವುದೆಂದು ಕೇಳಿದರೆ ಜನ ದಾರಿ ತೋರಿಸುವ ಮೊದಲು, "ಕುಚ್ಚು ಕಟ್ಸೋಕಾ, ಬೈಸ್ಕಳೋಕಾ?" ಎಂದು ನಗುತ್ತಿದ್ದರು. ಎರಡೂ ಒಂದೇ ಜಗಲಿಯ ಮೇಲೆ ಆಗುತ್ತಿದ್ದವು. ಹೊಸ ರೇಷ್ಮೆ ಸೀರೆ ಅಂಗಡಿಯಿಂದ ಬಂದಾಗ ಅದರ ಸೆರಗಿನ ತುದಿಯಲ್ಲಿ ಎಳೆಗಳು ಬಿಡಿಬಿಡಿಯಾಗಿ ಜೋತಾಡುತ್ತಿರುತ್ತವಷ್ಟೆ. ಅವನ್ನು ಬಾಚಿ, ಕೂಡಿಸಿ, ಗಂಟು ಹಾಕಿ, ತುದಿ ಸಮ ಮಾಡಿ ಕುಚ್ಚು ಕಟ್ಟಿದ ಮೇಲೇ ಅದು ಉಡುವ ಸೀರೆ. ಗಂಡ ಕಾಡಸಿದ್ದಪ್ಪ ತೀರಿಕೊಂಡು, ಕೈಲಾಂಚದ ಹಿಪ್ಪುನೇರಳೆ ತೋಟ ಭಾವಮೈದುನರ ಪಾಲಾಗಿ, ಮಗಳು ಶ್ರುತಿಯ ಕೈ ಹಿಡಿದುಕೊಂಡು ಪೇಟೆಗೆ ಬಂದಾಗಿನಿಂದ ಚನ್ನಬಸಮ್ಮನ ಹೊಟ್ಟೆ ಹೊರೆದದ್ದು ಈ ಕುಚ್ಚು.

ಬೈಗುಳಕ್ಕೆ ಮಾತ್ರ ಕಾಸಿರಲಿಲ್ಲ, ಅದು ಪುಕ್ಕಟೆ. ಹೆಂಗಸರು ಸೀರೆ ಕೊಟ್ಟು ಸುಮ್ಮನೆ ಹೋಗುತ್ತಿರಲಿಲ್ಲ. ಮೊಬೈಲ್ ತೆಗೆದು ಯಾವುದಾದರೊಬ್ಬ ನಟಿಯ ಫೋಟೊ ಅವಳ ಮುಖಕ್ಕೆ ಹಿಡಿದು, "ಬಸಮ್ಮಾರೇ, ಇದುಕ್ಕೇನಂತೀರಿ?" ಎನ್ನುತ್ತಿದ್ದರು. ಚನ್ನಬಸಮ್ಮ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಫೋನನ್ನು ದೂರ ಹಿಡಿದು ನೋಡುವಳು. ಆಮೇಲೆ ತೀರ್ಪು ಬರುವುದು.

"ಸೀರೆ ಮ್ಯಾಲೆ ಬೆಲ್ಟಾ? ಯಾಕೆ, ಅವ್ಳಿಗೇನು ಪೊಲೀಸ್ ಕೆಲ್ಸ ಸಿಕ್ತಾ?"

ಟಿವಿಯಲ್ಲಿ ಯಾವಾಗಲೂ ಕಪ್ಪು ಕನ್ನಡಕ ಹಾಕಿಕೊಂಡೇ ಬರುವ ಒಬ್ಬ ದೊಡ್ಡ ಡಿಸೈನರ್ ಇದ್ದ. ಅವನ ಸೀರೆಗಳಿಗೆಲ್ಲ ಮಬ್ಬು ಬಣ್ಣ. "ಮನೆಯೊಳ್ಗೂ ಕರಿ ಕನ್ನಡ್ಕ ಹಾಕಂಡ್ರೆ ಬಣ್ಣ ಹೆಂಗ್ ಕಾಣ್ತದೆ? ಅದುಕ್ಕೇ ಎಲ್ಲಾನೂ ಬೂದಿ ಮಾಡವ್ನೆ" ಎಂದಳು ಚನ್ನಬಸಮ್ಮ. ಅಂದಿನಿಂದ ಆ ಬೀದಿಯಲ್ಲಿ ಅವನ ಹೆಸರು ಬೂದಿಯಪ್ಪ ಎಂದಾಯಿತು. ಒಬ್ಬ ಹೀರೊ ತನ್ನ ಹೆಸರನ್ನೇ ಎದೆಯ ಮೇಲೆ ಅಚ್ಚು ಹಾಕಿಸಿ ಟೀ ಶರ್ಟ್ ಮಾರಲು ಶುರು ಮಾಡಿದಾಗ ಪಕ್ಕದ ಮನೆಯ ಮಹೇಂದ್ರ ಒಂದು ಕೊಂಡು ಹಾಕಿಕೊಂಡು ಬಂದ. "ಲೋ, ಗೋಡೆ ಮ್ಯಾಲೆ ಹೆಸ್ರು ಬರ್ಸಿದ್ರೆ ಗೋಡೆಯೋನಿಗೆ ಅವ್ರೇ ದುಡ್ಡು ಕೊಡ್ತರೆ. ನೀನು ಕೈಯಿಂದ ಕೊಟ್ಟು ಎದೆ ಮ್ಯಾಲೆ ಬರ್ಸ್ಕಂಡ್ ಬಂದಿದ್ದೀಯಲ್ಲೋ" ಎಂದಳು. ಆ ಹುಡುಗ ಮತ್ತೆ ಅದನ್ನು ಹಾಕಿಕೊಂಡದ್ದನ್ನು ಯಾರೂ ನೋಡಲಿಲ್ಲ.

ನಟ ನಟಿಯರು ಬಟ್ಟೆ ಕಂಪನಿ ತೆರೆಯುವುದೆಂದರೆ ಅವಳಿಗೆ ಮೈಯೆಲ್ಲ ಉರಿ. ಬಟ್ಟೆ ತೊಡುವುದು ಬೇರೆ, ಬಟ್ಟೆ ತಿಳಿಯುವುದು ಬೇರೆ ಎಂಬುದು ಅವಳ ವಾದ. "ನಾನು ದಿನಾ ಬಸ್ಸಲ್ಲಿ ಕೂರ್ತೀನಿ ಅಂತ ಡ್ರೈವರ್ ಸೀಟಲ್ಲಿ ಕೂರ್ಸೀರಾ?" ಎನ್ನುವಳು. ಹಾಗೆಂದು ಅವಳು ಎಲ್ಲವನ್ನೂ ಜರೆಯುವವಳೇನಲ್ಲ. ಬುಗ್ಗೆ ತೋಳಿನ ರವಿಕೆ ಮತ್ತೆ ಬಂದಾಗ ಅವಳಷ್ಟು ಹಿಗ್ಗಿದವರಿಲ್ಲ. ಯಾರ ಮೈಗೆ ಯಾವ ಬಣ್ಣ ಹೊಂದುತ್ತದೆ, ಯಾವ ಅಂಚು ಯಾರನ್ನು ಗಿಡ್ಡ ಮಾಡುತ್ತದೆ ಎಂಬುದನ್ನು ಒಂದೇ ನೋಟಕ್ಕೆ ಹೇಳುವಳು. ಕಣ್ಣು ಚೆನ್ನಾಗಿಯೇ ಇತ್ತು, ಲಗಾಮಿಲ್ಲದ್ದು ನಾಲಿಗೆಗೆ. ಆ ನಾಲಿಗೆ ಊರವರನ್ನೆಲ್ಲ ನಗಿಸಿ ನಗಿಸಿ, ಕೊನೆಗೆ ಹೆತ್ತ ಮಗಳ ಕೈಯನ್ನೇ ಕಟ್ಟಿಹಾಕಿತು.

ಕುಚ್ಚಿನ ವಿಷಯಕ್ಕೆ ಬಂದರೆ ಮಾತ್ರ ಅವಳು ತಮಾಷೆ ಮಾಡುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಅವಳ ತಾಯಿ ತೀರಿಕೊಂಡಳು. ಮುತ್ತೈದೆ ಸಾವು. ಲಿಂಗಾಯತರ ರೂಢಿಯಂತೆ ಹೆಣವನ್ನು ಕೂರಿಸಿ, ವಿಭೂತಿ ಬಳಿದು, ತವರಿನಿಂದ ಬಂದ ಹೊಸ ಸೀರೆ ಹೊದಿಸಿದ್ದರು. ಅಂಗಡಿಯಿಂದ ನೇರವಾಗಿ ತಂದ ಸೀರೆ. ಫಾಲ್ ಇಲ್ಲ, ಕುಚ್ಚಿಲ್ಲ, ಸೆರಗಿನ ಎಳೆಗಳು ಗಾಳಿಗೆ ಅಲ್ಲಾಡುತ್ತಿದ್ದವು. ಜೀವಮಾನವೆಲ್ಲ ಮಂದಿಯ ಸೀರೆಗೆ ಕುಚ್ಚು ಕಟ್ಟಿದ ಹೆಂಗಸು; ಮಗಳಿಗೆ ಆ ಕೆಲಸ ಕಲಿಸಿದವಳೂ ಅವಳೇ. ಚನ್ನಬಸಮ್ಮನಿಗೆ ತಡೆಯಲಾಗಲಿಲ್ಲ, ಅಳುತ್ತಲೇ ಎಳೆಗಳನ್ನು ಕೂಡಿಸಿ ಗಂಟು ಹಾಕಲು ಹೋದಳು. ಸೋದರತ್ತೆ ಕೈ ಹಿಡಿದುಕೊಂಡಳು. "ಬುಡವ್ವಾ. ಹೆಣದ ಸೀರೆಗೆ ಕುಚ್ಚು ಕಟ್ಟಬಾರ್ದು. ಕುಚ್ಚು ಬದುಕಿರೋರ್ಗೆ" ಎಂದಳು.

ಆ ಮಾತು ಅವಳೊಳಗೆ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಅಂದಿನಿಂದ ಸೆರಗಿನ ಎಳೆ ಬಿಚ್ಚಿರುವ ಸೀರೆಯನ್ನು ಯಾರಾದರೂ ಮೈಮೇಲೆ ಹಾಕಿಕೊಂಡರೆ ಅವಳಿಗೆ ನೋಡಲಾಗುತ್ತಿರಲಿಲ್ಲ. ಮದುವೆ ಮನೆಯಲ್ಲಿ ಗುರುತಿಲ್ಲದ ಹೆಂಗಸಿನ ಸೆರಗು ಹಿಡಿದು ನಿಲ್ಲಿಸಿ, ಅಲ್ಲೇ ಗಂಟು ಹಾಕಿ ಕಳಿಸಿದ್ದೂ ಉಂಟು.

ಶ್ರುತಿ ತಾಯಿಯ ಹಾಗಲ್ಲ. ಮಾತು ಕಡಿಮೆ. ಕೈಗೆ ಸಿಕ್ಕ ಕಾಗದದ ಮೇಲೆಲ್ಲ ಸೀರೆ, ಸೆರಗು, ಅಂಚು ಬರೆಯುತ್ತಾ ಬೆಳೆದ ಹುಡುಗಿ. ಮೊದಮೊದಲು ಬರೆದದ್ದನ್ನು ಓಡಿ ಬಂದು ತಾಯಿಗೆ ತೋರಿಸುತ್ತಿದ್ದಳು. ಜಗಲಿಯ ಮೇಲೆ ಯಾರಿದ್ದಾರೆ ಯಾರಿಲ್ಲ ಎಂದು ನೋಡದೆ ಚನ್ನಬಸಮ್ಮ ತನ್ನ ತೀರ್ಪು ಕೊಡುತ್ತಿದ್ದಳು. "ಇದೇನು ಮಗಾ, ಸೀರೆಯೋ ಕಿಟಕಿ ಪರದೆಯೋ?" ಎಲ್ಲರೂ ನಗುವರು, ಮಗಳೂ ನಗುವಳು. ಫ್ಯಾಷನ್ ಡಿಸೈನಿಂಗ್ ಓದುತ್ತೇನೆಂದಾಗ ಚನ್ನಬಸಮ್ಮ ಬೇಡವೆನ್ನಲಿಲ್ಲ. ಬೆರಳು ಸವೆಸಿ ಓದಿಸಿದಳು. "ನೀನೂ ಒಂದಿನ ಬೂದಿಯಪ್ಪನ ಥರ ಕನ್ನಡ್ಕ ಹಾಕಂಡ್ ಬಾ" ಎಂದು ಮಾತ್ರ ಛೇಡಿಸಿದಳು. ಓದು ಮುಗಿಸಿ ಶ್ರುತಿ ಊರಿನದೇ ಒಂದು ಬೊಟಿಕ್‌ನಲ್ಲಿ ಕೆಲಸಕ್ಕೆ ಸೇರಿದಳು. ತಾಯಿಗೆ ಚಿತ್ರ ತೋರಿಸುವುದನ್ನು ಅವಳು ಯಾವಾಗ ನಿಲ್ಲಿಸಿದಳೋ, ಅದು ಚನ್ನಬಸಮ್ಮನ ಗಮನಕ್ಕೆ ಬರಲೇ ಇಲ್ಲ.

ಆ ವರ್ಷ ಒಬ್ಬ ದೊಡ್ಡ ನಟಿ ತನ್ನದೇ ಸೀರೆ ಕಂಪನಿ ಶುರು ಮಾಡಿದಳು. ಒಂದು ಮಧ್ಯಾಹ್ನ ಹನುಮಂತಮ್ಮ ಎಂಬ ಗಿರಾಕಿ ಜಗಲಿಯ ಮೇಲೆ ಕೂತು ಅವಳ ಫೋಟೊ ತೋರಿಸಿದಳು. ನಟಿ ಉಟ್ಟ ಸೀರೆಗೆ ಕುಚ್ಚಿರಲಿಲ್ಲ, ಎಳೆಗಳನ್ನು ಹಾಗೆಯೇ ಬಿಟ್ಟಿದ್ದರು. "ಇವಾಗ ಇದೇ ಟ್ರೆಂಡಂತೆ ಕಣ್ರೀ" ಎಂದಳು ಹನುಮಂತಮ್ಮ.

ಚನ್ನಬಸಮ್ಮ ಫೋನನ್ನು ಕೈಯಿಂದ ಆಚೆ ತಳ್ಳಿದಳು. "ಥೂ, ಏನೇ ಇದು! ಹೆಣಕ್ಕೆ ಹೊದ್ಸಿದ್ ಸೀರೇನ ಎದ್ದು ಉಟ್ಕಂಡ್ ಬಂದವ್ಳಲ್ಲೇ! ಮಾಡ್ದೋನ್ಗೆ ಕೈ ಇರ್ನಿಲ್ವಾ, ಉಟ್ಕಂಡೋಳ್ಗೆ ಹೇಳೋರ್ ಇರ್ನಿಲ್ವಾ?"

ಜಗಲಿ ಬಿದ್ದು ಬಿದ್ದು ನಕ್ಕಿತು. ಒಳಬಾಗಿಲಲ್ಲಿ ಶ್ರುತಿ ಒಂದು ಹಾಳೆ ಹಿಡಿದು ನಿಂತಿದ್ದಳು. ಬಹಳ ದಿನಗಳ ಮೇಲೆ ತಾಯಿಗೆ ಏನೋ ತೋರಿಸಬೇಕೆಂದು ಬಂದಿದ್ದವಳು. ಹಾಳೆಯನ್ನು ಮಡಿಸಿ ಹಿಂದಕ್ಕೆ ಇಟ್ಟುಕೊಂಡಳು. ಕಾಫಿ ಲೋಟ ತೆಗೆದುಕೊಂಡು ಹೋಗಲು ಬಂದಳೆಂದು ತಿಳಿದು ಚನ್ನಬಸಮ್ಮ ಖಾಲಿ ಲೋಟಗಳನ್ನು ಅವಳ ಕೈಗೆ ಕೊಟ್ಟಳು.

ಅದೇ ಕಂಪನಿಯವರು ರೇಷ್ಮೆ ಸೀಮೆಯ ಹೊಸ ಹುಡುಗ ಹುಡುಗಿಯರಿಂದ ಸೀರೆ ವಿನ್ಯಾಸದ ಚಿತ್ರಗಳನ್ನು ಕೇಳಿದ್ದರು. ಶ್ರುತಿ ಮಡಿಸಿಟ್ಟಿದ್ದ ಆ ಹಾಳೆಯನ್ನೇ ಯಾರಿಗೂ ಹೇಳದೆ ಕಳಿಸಿದಳು, ಅವಳದು ಆಯ್ಕೆಯಾಯಿತು. ಈಗ ಆ ಚಿತ್ರದ ಸೀರೆಯನ್ನೇ ಮಾಡಿಕೊಂಡು ಬೆಂಗಳೂರಿಗೆ ಒಯ್ದು ತೋರಿಸಬೇಕು. ಒಪ್ಪಿದರೆ ಅವರ ಹತ್ತಿರ ಡಿಸೈನರ್ ಕೆಲಸ. ತಾಯಿಗೆ ಅವಳು ಹೇಳಿದ್ದು ಇಷ್ಟೇ: "ಬೆಂಗ್ಳೂರಲ್ಲಿ ಒಬ್ಬ ನಟಿ ಕಂಪ್ನಿಗೆ ಒಂದು ಸೀರೆ ತೋರಿಸ್ಬೇಕು ಕಣವ್ವ. ಇಷ್ಟ ಆದ್ರೆ ಕೆಲ್ಸ ಕೊಡ್ತರೆ. ಇದೊಂದು ಸಿಕ್ರೆ ಸಾಕು, ನಂಗಿನ್ನೇನೂ ಬ್ಯಾಡ." ಯಾವುದಕ್ಕೂ ಆಸೆಪಡದ ಹುಡುಗಿ ಹಾಗೆಂದಾಗ ಚನ್ನಬಸಮ್ಮ ಮೊದಲ ಬಾರಿಗೆ ನಟಿಯರ ಕಂಪನಿಯನ್ನು ಬೈಯದೆ ಸುಮ್ಮನಿದ್ದಳು. ಅಷ್ಟೇ ಅಲ್ಲ, ಸೋಮವಾರ ಉಪವಾಸ ಹಿಡಿದಳು.

ಸೀರೆಯ ಕೆಲಸವೆಲ್ಲ ನಡೆದದ್ದು ಗೌಸ್ ಸಾಹೇಬರ ಮನೆಯಲ್ಲಿ. ಗೌಸ್ ಸಾಹೇಬರದು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕಸುಬು. ಕಾಡಸಿದ್ದಪ್ಪ ಬದುಕಿದ್ದಾಗ ಅವನ ಗೂಡನ್ನು ಮಾರ್ಕೆಟ್ಟಿನ ಹರಾಜಿನಲ್ಲಿ ಅವರೇ ಕೊಳ್ಳುತ್ತಿದ್ದರು. ಪುಟ್ಟ ಶ್ರುತಿ ಅಪ್ಪನ ಜೊತೆ ಹೋಗಿ ಅವರ ಶೆಡ್ಡಿನಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಕೂತುಬಿಡುತ್ತಿದ್ದಳು. ನೀರಲ್ಲಿ ಕುಣಿಯುವ ಗೂಡುಗಳಿಂದ ಎಳೆ ಮೇಲೇಳುವುದು ಬೆಳಕು ಬಿದ್ದಾಗ ಮಾತ್ರ ಕಾಣುತ್ತಿತ್ತು. ಅದನ್ನೇ ಸೆರಗಿಗೆ ತರಬೇಕೆಂಬುದು ಅವಳ ಎಣಿಕೆ. ಗೌಸ್ ಸಾಹೇಬರ ನೂಲನ್ನು ಕನಕಪುರದ ಮಗ್ಗದವರೊಬ್ಬರಿಗೆ ಕೊಟ್ಟು, ಮಾಗಿದ ಗೂಡಿನ ಹಳದಿಯಲ್ಲಿ ನೇಯಿಸಿದಳು. ಆಮೇಲೆ ಸೆರಗಿನಲ್ಲಿ ಅಡ್ಡ ಎಳೆಗಳನ್ನು ಸೂಜಿಯಿಂದ ಒಂದೊಂದಾಗಿ ತೆಗೆಯುತ್ತಾ ಹೋದಳು. ನೇಯ್ಗೆ ದಟ್ಟವಾಗಿ ಶುರುವಾಗಿ, ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಕೊನೆಗೆ ಮೊಣಕೈ ಉದ್ದಕ್ಕೆ ಬರೀ ಎಳೆ. ಒಂದು ಉದ್ದ, ಒಂದು ಗಿಡ್ಡ, ತೊಟ್ಟಿಯಿಂದ ಎದ್ದ ಹಾಗೆ. ಗೌಸ್ ಸಾಹೇಬರ ಹೆಂಡತಿ ಖುರ್ಷಿದಾ ದಿನಾ ಅವಳ ಪಕ್ಕ ಕೂತು ನೋಡಿದವಳು. "ಅಮ್ಮನಿಗೆ ತೋರಿಸು ಬೇಟಿ" ಎಂದು ಅವಳು ಹೇಳಿದಾಗಲೆಲ್ಲ ಶ್ರುತಿ, "ಕೆಲ್ಸ ಸಿಗಲಿ, ಆಮೇಲೆ" ಎನ್ನುತ್ತಿದ್ದಳು.

ಬೆಂಗಳೂರಿಗೆ ಹೋಗುವ ಹಿಂದಿನ ದಿನ ಬೆಳಿಗ್ಗೆ ಸೀರೆ ಮನೆಗೆ ಬಂತು. ಹಳೆಯ ಪಂಚೆಯಲ್ಲಿ ಸುತ್ತಿತ್ತು. ರವಿಕೆ ಹೊಲಿಯಲು ಕೊಟ್ಟಿದ್ದ ಚನ್ನಪಟ್ಟಣದ ಟೈಲರ್ ಹತ್ತಿರ ಶ್ರುತಿ ಅವಸರವಾಗಿ ಹೋಗಬೇಕಿತ್ತು. ಚಪ್ಪಲಿ ಮೆಟ್ಟುತ್ತಲೇ, "ಅವ್ವಾ, ಫಾಲ್ ಮಾತ್ರ ಹಾಕು. ಬೇರೇನೂ ಬ್ಯಾಡ" ಎಂದಳು.

ಇದರಲ್ಲಿ ಚನ್ನಬಸಮ್ಮನಿಗೆ ಹೊಸದೇನೂ ಕಾಣಲಿಲ್ಲ. ಈಚೆಗೆ ಅವಳ ಬೆರಳ ಗೆಣ್ಣುಗಳು ಊದಿಕೊಳ್ಳುತ್ತಿದ್ದವು, ಸಂಜೆಯ ಹೊತ್ತಿಗೆ ಸೂಜಿ ಹಿಡಿಯುವುದೇ ಕಷ್ಟ. ಹಾಗಾಗಿ ಶ್ರುತಿ ದಿನಾ, ಬ್ಯಾಡ ಬುಡವ್ವ, ಸಾಕು ಬುಡವ್ವ ಎಂದೇ ಹೇಳುತ್ತಿದ್ದಳು. ಇದೂ ಅದೇ. ತಾಯಿಯ ಬೆರಳು ನೋಯದಿರಲಿ ಎಂದು.

ಚನ್ನಬಸಮ್ಮ ಸೀರೆ ಬಿಚ್ಚಿದಳು. ಬಣ್ಣ ನೋಡಿ ಎದೆ ತುಂಬಿ ಬಂತು. ಗಂಡ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದಾಗ ಅವನ ಬೊಗಸೆಯಲ್ಲಿ ಇರುತ್ತಿದ್ದ ಹಳದಿ ಅದು. ನನ್ನ ಮಗಳಿಗೆ ಕಣ್ಣಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಗಟ್ಟಿಯಾಗಿ ಹೇಳಬಹುದಿತ್ತು, ಆದರೆ ಕೇಳಬೇಕಾದವಳು ಆಗಲೇ ಬಸ್ ಹತ್ತಿದ್ದಳು. ಫಾಲ್ ಹಾಕಿ ಮುಗಿಸಿ, ಸೀರೆ ಮಡಿಸಲೆಂದು ಸೆರಗು ಎಳೆದುಕೊಂಡಳು.

ಎಳೆಗಳು ಅವಳ ಮಡಿಲ ಮೇಲೆ ಚೆಲ್ಲಿಕೊಂಡವು. ಉದ್ದುದ್ದ, ಒಂದರ ಹಾಗೊಂದಿಲ್ಲ. ಇಷ್ಟು ಎಳೆ ಬಿಚ್ಚಿಹೋಗಿದ್ದನ್ನು ಅವಳು ಯಾವ ಸೀರೆಯಲ್ಲೂ ಕಂಡಿರಲಿಲ್ಲ. ಮಗ್ಗದವನು ಸರಿಯಾಗಿ ಮುಗಿಸದೆ ಕೊಟ್ಟಿದ್ದಾನೆ, ಹುಡುಗಿಗೆ ಸಮಯ ಸಿಕ್ಕಿಲ್ಲ, ತನ್ನನ್ನು ಕೇಳಲು ಸಂಕೋಚಪಟ್ಟಿದೆ ಎಂದುಕೊಂಡಳು. ಅಷ್ಟರಲ್ಲಿ ಗಾಳಿ ಬೀಸಿ ಎಳೆಗಳು ಅಲ್ಲಾಡಿದವು. ಚನ್ನಬಸಮ್ಮನಿಗೆ ತಾಯಿ ಕೂತಿದ್ದು ಕಂಡಿತು. ವಿಭೂತಿ ಬಳಿದ ಮುಖ, ಅಲ್ಲಾಡುವ ಸೆರಗು. ನಾಳೆ ಮಗಳು ಇದನ್ನು ಹೆಗಲ ಮೇಲೆ ಹಾಕಿಕೊಂಡು ನಿಲ್ಲುತ್ತಾಳೆ. ಬದುಕಿನ ಮೊದಲ ಒಳ್ಳೆಯ ಕೆಲಸಕ್ಕೆ, ಹೀಗೆ.

"ಶಿವಶಿವಾ" ಎಂದು ಅವಳು ಸೆರಗನ್ನು ಕುಚ್ಚು ಕಟ್ಟುವ ಭಾರದ ದಿಂಬಿಗೆ ಪಿನ್ ಮಾಡಿದಳು.

ಅವತ್ತು ಅವಳು ಬೇರೆ ಯಾರ ಸೀರೆಯನ್ನೂ ಮುಟ್ಟಲಿಲ್ಲ. ಹನುಮಂತಮ್ಮ ಬಂದು ಮಾತಿಗೆಳೆದರೂ ತಲೆ ಎತ್ತಲಿಲ್ಲ. ಮೊದಲು ಬಾಚಣಿಗೆಯಿಂದ ಎಳೆ ಬಾಚಿದಳು. ಆಮೇಲೆ ಕತ್ತರಿ ತೆಗೆದುಕೊಂಡು ಉದ್ದದವನ್ನೆಲ್ಲ ಒಂದು ಅಂಗೈ ಅಳತೆಗೆ ಕತ್ತರಿಸಿದಳು. ತಾಯಿ ಕಲಿಸಿದ, ಈಗ ಯಾರೂ ಕೇಳದ ಹಳೆಯ ಜಾಲರಿ ಗಂಟು ಹಾಕಿದಳು. ಒಂದು ಗಂಟು ಪಕ್ಕದ ಗಂಟಿನ ಅರ್ಧ ಎಳೆ ತೆಗೆದುಕೊಂಡು ಕೆಳಗೆ ಇನ್ನೊಂದಾಗುವುದು. ಬೆರಳು ನೋಯುತ್ತಿತ್ತು, ನೋವು ಹಿತವಾಗಿತ್ತು. ಬೆಂಗಳೂರಿನವರು ಇದನ್ನು ನೋಡಿ ಯಾರು ಕಟ್ಟಿದ್ದು ಎಂದು ಕೇಳಬೇಕು, ಮಗಳು ನಮ್ಮವ್ವ ಎನ್ನಬೇಕು. ಅಷ್ಟೇ ಆಸೆ. ಜೀವಮಾನದಲ್ಲಿ ಅವಳು ಅಷ್ಟು ಚೆಂದದ ಕುಚ್ಚು ಕಟ್ಟಿರಲಿಲ್ಲ.

ಸಂಜೆ ಶ್ರುತಿ ಖುರ್ಷಿದಾಳನ್ನು ಕರೆದುಕೊಂಡೇ ಬಂದಳು. ಉಟ್ಟು ತೋರಿಸುವುದು, ಹೇಗೆ ಕಾಣುತ್ತದೆ ನೋಡುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಚನ್ನಬಸಮ್ಮ ಸೀರೆಯನ್ನು ಮಂಚದ ಮೇಲೆ ಸೆರಗು ಕಾಣುವಂತೆ ಹರಡಿಟ್ಟು, ಮದುವಣಗಿತ್ತಿಯ ತಾಯಿಯ ಹಾಗೆ ಪಕ್ಕದಲ್ಲಿ ನಿಂತಿದ್ದಳು.

ಮೊದಲು ಬಾಯಿ ಬಿಟ್ಟವಳು ಖುರ್ಷಿದಾ. "ಯಾ ಅಲ್ಲಾ! ಏನ್ ಮಾಡ್ಬುಟ್ರಿ ಬಸಮ್ಮಕ್ಕಾ!"

"ಯಾಕೆ? ಚೆನ್ನಾಗಿಲ್ವಾ?"

"ಹುಡ್ಗಿ ಕಣ್ಣು ನೋಯಿಸ್ಕೊಂಡು ಒಂದೊಂದ್ ದಾರ ತೆಗ್ದಿತ್ತಲ್ಲಕ್ಕಾ! ಅದೇ ಡಿಸೈನು, ಆ ದಾರಾನೇ! ಅದುಕ್ಕೇ ಅಲ್ವಾ ಅವ್ರು ಕರ್ದಿರೋದು!"

ನೆಲದ ಮೇಲೆ ಕತ್ತರಿಸಿ ಬಿದ್ದಿದ್ದ ಹಳದಿ ಎಳೆಗಳು ಇನ್ನೂ ಹಾಗೇ ಇದ್ದವು. ಶ್ರುತಿ ಕುಕ್ಕರುಗಾಲಲ್ಲಿ ಕೂತು ಅವನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಳ್ಳತೊಡಗಿದಳು. ಚನ್ನಬಸಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮಂಚದ ಅಂಚಿಗೆ ಕೂತಳು.

"ಬಿಚ್ಬುಡಾಣ ಮಗಾ. ನಾನೇ ಬಿಚ್ತೀನಿ. ಇನ್ನೊಸಿ ಅಡ್ಡ ಎಳೆ ತೆಗ್ದು ಉದ್ದ ಮಾಡಾಣ, ಇಬ್ರೂ ಕೂತ್ಕಂಡ್ರೆ…"

"ಆಗಕಿಲ್ಲವ್ವ. ಮ್ಯಾಲೆ ತೆಳ್ಳಗೆ ಮಾಡಿರೋದು ಹರ್ದೋಯ್ತದೆ."

"ಮತ್ತೆ ನಂಗ್ಯಾಕೆ ಹೇಳ್ನಿಲ್ಲ? ಒಂದ್ ಮಾತು ಹೇಳಿದ್ರೆ ನಾನು ಮುಟ್ತಿದ್ನಾ?"

ಶ್ರುತಿ ತಲೆ ಎತ್ತಿದಳು. ಕಣ್ಣಲ್ಲಿ ಸಿಟ್ಟಿದ್ದಿದ್ದರೆ ಚನ್ನಬಸಮ್ಮ ಬದುಕಿಕೊಳ್ಳುತ್ತಿದ್ದಳೇನೋ. "ಹೇಳಿದ್ರೆ ನೀನು ನಗ್ತಿದ್ದೆ ಕಣವ್ವ" ಎಂದಳು ಮಗಳು. "ಕುಚ್ಚು ಚೆನ್ನಾಗ್ ಬಂದೈತೆ" ಎಂದೂ ಸೇರಿಸಿದಳು.

ಮರುದಿನ ಚನ್ನಬಸಮ್ಮ ಹಟ ಮಾಡಿ ಮಗಳ ಜೊತೆ ರೈಲು ಹತ್ತಿದಳು. ತನ್ನ ತಪ್ಪನ್ನು ತಾನೇ ಹೇಳಿಬಿಟ್ಟರೆ ಅವರೂ ಮನುಷ್ಯರಲ್ಲವೇ, ಇನ್ನೊಂದು ಸೀರೆ ಮಾಡಿಕೊಡಲು ಬಿಟ್ಟಾರು ಎಂದು ಆಸೆ. ಗಾಜಿನ ಬಾಗಿಲಿನ ಆಫೀಸು. ಶ್ರುತಿಯನ್ನು ಒಳಗೆ ಕರೆದರು, ಚನ್ನಬಸಮ್ಮನನ್ನು ಹೊರಗಿನ ಸೋಫಾದಲ್ಲಿ ಕೂರಿಸಿದರು. ಗೋಡೆಯ ತುಂಬ ಆ ನಟಿಯ ದೊಡ್ಡ ದೊಡ್ಡ ಫೋಟೊಗಳು. ಜಗಲಿಯ ಮೇಲಾಗಿದ್ದರೆ ಒಂದೊಂದಕ್ಕೂ ಒಂದೊಂದು ಮಾತು ಹೊರಡುತ್ತಿತ್ತು. ಇಲ್ಲಿ ಅವಳು ಆ ಫೋಟೊಗಳಿಗೆ ಮನಸ್ಸಿನಲ್ಲೇ ಕೈ ಮುಗಿದಳು. ತಾಯೀ, ನಾನು ಅಂದಿದ್ದನ್ನೆಲ್ಲ ನನ್ನ ತಲೆ ಮೇಲೆ ಹಾಕು, ನನ್ನ ಮಗಳ ತಲೆ ಮೇಲೆ ಬೇಡ ಎಂದುಕೊಂಡಳು.

ಕಾಗದ ಹಿಡಿದು ಓಡಾಡುತ್ತಿದ್ದ ಒಬ್ಬ ಹುಡುಗಿಯನ್ನು ನಿಲ್ಲಿಸಿದಳು. "ಅವ್ವಾ, ನಮ್ ಹುಡ್ಗಿ ಸೀರೆ ಹಂಗಿರ್ನಿಲ್ಲ. ಕುಚ್ಚು ನಾನ್ ಕಟ್ಬುಟ್ಟೆ. ಗೊತ್ತಿಲ್ದೆ ಕಟ್ಬುಟ್ಟೆ. ಒಳ್ಗೆ ಒಸಿ ಹೇಳವ್ವಾ."

ಹುಡುಗಿಗೆ ಏನು ತಿಳಿಯಿತೋ, "ಹೌದಾ ಆಂಟಿ? ತುಂಬಾ ನೀಟಾಗಿದೆ, ಸೂಪರ್" ಎಂದು ನಗುತ್ತಾ ಹೋಯಿತು.

ಶ್ರುತಿ ಬೇಗನೇ ಹೊರಗೆ ಬಂದಳು. ಒಳಗಿದ್ದ ಮೇಡಮ್ಮು ಚಿತ್ರವನ್ನೂ ಸೀರೆಯನ್ನೂ ಅಕ್ಕಪಕ್ಕ ಇಟ್ಟು, ಈ ಕುಚ್ಚು ಎಲ್ಲ ಅಂಗಡಿಯಲ್ಲೂ ಸಿಗುತ್ತದಲ್ಲಮ್ಮ, ನೀನು ಬರೆದದ್ದು ಎಲ್ಲಿ ಎಂದು ಕೇಳಿದ್ದಳಂತೆ. "ನೀನೇನಂದೆ?" ಎಂದು ಚನ್ನಬಸಮ್ಮ ಕೇಳಿದಳು. "ಮಾಡಕಾಗ್ನಿಲ್ಲ ಅಂದೆ" ಎಂದಳು ಶ್ರುತಿ. ತಾಯಿಯ ಹೆಸರನ್ನು ಅವಳು ಎತ್ತಿರಲಿಲ್ಲ. ಯಾರು ಕಟ್ಟಿದ್ದೆಂದು ಅಲ್ಲಿ ಯಾರೂ ಕೇಳಲೂ ಇಲ್ಲ. ರೈಲು ಬಿಡದಿ ದಾಟಿ, ರಾಮನಗರದ ಬಂಡೆಗಳು ಕಂಡವು. ಚೀಲದಲ್ಲಿದ್ದ ಬುತ್ತಿ ಹಾಗೇ ವಾಪಸು ಬಂತು.

ಆಮೇಲಿನದು ನೋಡಲಾಗದಂಥದ್ದು. ಜಗಳವಾಗಲಿಲ್ಲ, ಅಳು ಕೂಗಾಟ ಏನೂ ಆಗಲಿಲ್ಲ. ಶ್ರುತಿ ಬೊಟಿಕ್ ಕೆಲಸ ಬಿಟ್ಟು ತಾಯಿಯ ಪಕ್ಕ ಇನ್ನೊಂದು ದಿಂಬು ಹಾಕಿಕೊಂಡು ಕೂತಳು. "ನಿನ್ ಬೆರಳು ಆಗಕಿಲ್ಲ, ನಾನ್ ಕಟ್ತೀನಿ" ಎಂದಳು. ಕಟ್ಟಿದಳು ಕೂಡ, ಅಚ್ಚುಕಟ್ಟಾಗಿ. ಚಿತ್ರ ಬರೆಯುವ ಪೆನ್ಸಿಲ್ಲುಗಳು ಅಡುಗೆಮನೆಗೆ ಬಂದು ಹಾಲಿನ ಲೆಕ್ಕ ಗೀಚಲು ಉಳಿದವು. ಖುರ್ಷಿದಾ ಬಂದು ಇನ್ನೊಂದು ಮಾಡು ಬೇಟಿ, ನೂಲು ನಾನು ಕೊಡಿಸುತ್ತೇನೆ ಎಂದರೆ ಶ್ರುತಿ ನಕ್ಕು, ಅವಳ ಮಕ್ಕಳ ಕ್ಷೇಮ ಕೇಳುವಳು.

ಚನ್ನಬಸಮ್ಮನ ಬಾಯಿ ಕಟ್ಟಿಹೋಯಿತು. ಹೆಂಗಸರು ಎಂದಿನಂತೆ ಫೋನ್ ಹಿಡಿದು, "ಇದುಕ್ಕೇನಂತೀರಿ ಬಸಮ್ಮಾರೇ?" ಎಂದರೆ, ಬೆಲ್ಟ್ ಕಟ್ಟಿದ್ದಕ್ಕೂ ಹರಿದ ಪ್ಯಾಂಟಿಗೂ ಬೂದಿಯಪ್ಪನ ಸೀರೆಗೂ ಒಂದೇ ಉತ್ತರ: "ಚೆನ್ನಾಗೈತೆ ಕಣವ್ವ." ಜನಕ್ಕೆ ಬೇಜಾರಾಯಿತು. ಬೈಸಿಕೊಳ್ಳಲು ಬರುತ್ತಿದ್ದವರು ಬರುವುದನ್ನು ಬಿಟ್ಟರು. ಪಕ್ಕದಲ್ಲಿ ಕೂತ ಮಗಳು ತಲೆ ಎತ್ತಿ ಒಂದು ಸಲ, ಒಂದೇ ಒಂದು ಸಲ, ಆ ಬಣ್ಣ ಹೀಗಿರಬೇಕಿತ್ತು ಎಂದಾದರೂ ಅನ್ನಲಿ ಎಂದು ಅವಳು ಕಾಯುತ್ತಿದ್ದಳು. ಶ್ರುತಿಯ ಕಣ್ಣು ದಾರದ ಮೇಲೇ ಇರುತ್ತಿತ್ತು. ಮಗಳು ಕಣ್ಣೆದುರಿಗೇ ಇದ್ದಾಳೆ, ಉಣ್ಣುತ್ತಾಳೆ, ಮಾತಾಡಿಸಿದರೆ ಮಾತಾಡುತ್ತಾಳೆ. ಇದಕ್ಕೆ ಅಳುವುದಾದರೂ ಹೇಗೆ, ಯಾರ ಮುಂದೆ?

ಮುಂದಿನ ಮಾಘದಲ್ಲಿ ಸೋಲೂರಿನ ನೆಂಟರ ಮನೆಯಲ್ಲಿ ಮದುವೆ ಬಂತು. ಚನ್ನಬಸಮ್ಮ ಒಂದು ಹಳದಿ ರೇಷ್ಮೆ ಸೀರೆ ತಂದಳು. ಮಗಳು ಸಂತೆಗೆ, ಅಂಗಡಿಗೆ ಹೋದಾಗ ಬಾಗಿಲು ಹಾಕಿಕೊಂಡು, ಊದಿದ ಬೆರಳಲ್ಲಿ ಸೂಜಿ ಹಿಡಿದು, ಸೆರಗಿನ ಅಡ್ಡ ಎಳೆಗಳನ್ನು ತೆಗೆಯಲು ಕೂತಳು. ಗಂಟು ಹಾಕಿ ಪಳಗಿದ ಕೈಗೆ ಬಿಚ್ಚುವುದು ಬರುತ್ತಿರಲಿಲ್ಲ. ಎಳೆ ತುಂಡಾಗುವುದು, ಸಿಕ್ಕಾಗುವುದು. ಆಗ ಅವಳಿಗೆ ಗೊತ್ತಾಯಿತು, ತನ್ನ ಮಗಳು ಎಂಥ ಕೆಲಸ ಮಾಡಿದ್ದಳು ಎಂದು. ಅಳುತ್ತಲೇ ತೆಗೆದಳು. ಹೆಣದ ಸೀರೆ ಎಂದು ನಾನು ನಕ್ಕದ್ದನ್ನು ನಾನೇ ಉಡುತ್ತೇನೆ, ಮದುವೆ ಮನೆಯೇ ನನ್ನನ್ನು ನೋಡಿ ನಗಲಿ, ನನ್ನ ಮಗಳು ಅದನ್ನು ನೋಡಲಿ. ಸಿಟ್ಟಾಗಲಿ, ಅಳಲಿ, ಸೆರಗು ಕಿತ್ತುಕೊಂಡು ಹೀಗಲ್ಲ ಹಾಗೆ ಎಂದು ತಿದ್ದಲಿ. ಅವಳಿಗೆ ಬೇಕಿದ್ದದ್ದು ಅಷ್ಟೇ.

ಮದುವೆಯ ಬೆಳಿಗ್ಗೆ ಉಟ್ಟುಕೊಂಡು ಹೊರಗೆ ಬಂದಳು. ಬಾಗಿಲಿಂದ ಬಂದ ಗಾಳಿಗೆ ಎಳೆಗಳು ಅಲ್ಲಾಡಿದವು. ಒಂದು ಉದ್ದ, ಒಂದು ಗಿಡ್ಡ. ಶ್ರುತಿ ತಲೆ ಬಾಚಿಕೊಳ್ಳುತ್ತಿದ್ದವಳು ತಿರುಗಿ ನೋಡಿದಳು.

"ಏನವ್ವ ಇದು" ಎಂದಳು ಶ್ರುತಿ. "ಹೆಣಕ್ಕೆ ಹೊದ್ಸಿದ್ ಸೀರೆ ಹಂಗೈತೆ. ಹಿಂಗೇ ಹೋದೀಯಾ? ಬಿಚ್ಚು, ಬಸ್ ಬರೋಕಿನ್ನೂ ಹೊತ್ತೈತೆ. ಕಟ್ಕೊಡ್ತೀನಿ."

ದನಿಯಲ್ಲಿ ಮುನಿಸಿರಲಿಲ್ಲ, ಕುಹಕವೂ ಇರಲಿಲ್ಲ. ಅವಳಿಗೆ ನಿಜವಾಗಿಯೂ ಹಾಗೇ ಕಂಡಿತ್ತು. ಚನ್ನಬಸಮ್ಮ ಸೀರೆ ಬಿಚ್ಚಿ ಕೊಟ್ಟು, ಲಂಗದಲ್ಲೇ ಮಂಚದ ಮೇಲೆ ಕೂತಳು. ಶ್ರುತಿ ಸೆರಗನ್ನು ದಿಂಬಿಗೆ ಪಿನ್ ಮಾಡಿ, ಎಳೆ ಬಾಚಿ, ಕತ್ತರಿಯಿಂದ ಒಂದು ಅಂಗೈ ಅಳತೆಗೆ ಸಮ ಮಾಡಿದಳು. ತಾಯಿ ಕಟ್ಟುತ್ತಿದ್ದ ಹಾಗೆಯೇ ಕುಚ್ಚುಗಳು ಒಂದರ ಪಕ್ಕ ಒಂದು ಬಂದವು, ಕತ್ತರಿಸಿದ ಎಳೆಗಳನ್ನು ಅವಳು ಪೊರಕೆಯಿಂದ ಗುಡಿಸಿ ಹೊರಗೆ ಹಾಕಿದಳು.